ಮಳೆ ಸದ್ದಿಗೆ ಎದ್ದು ಕೂರುವವರು

ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದು 2018ರ ಆಗಸ್ಟ್‌ನಲ್ಲಿ. ಅದನ್ನು ಕಣ್ಣಾರೆ ಕಂಡವರಿಗೆ ಶೀಟಿನ ಮೇಲೆ ಮಳೆ ಬಿದ್ದರೆ ಸಾಕು, ಎದೆ ಹೊಡೆದುಕೊಳ್ಳಬಹುದು. ಬಾಗಿಲ ಬಳಿ ಆಧಾರ್ ಕಾರ್ಡ್, ಟಾರ್ಚ್ ಇಟ್ಟ ಚೀಲ. ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಿಗ್ಗೆ ಎದುರಲ್ಲೇ ಹಾಲು ಉಕ್ಕಿ ಒಲೆ ಆರಿದರೂ ಗಮನಕ್ಕೆ ಬರುವುದಿಲ್ಲ. ತೋಟದ ದಾರಿ ಬಿಟ್ಟು ಸುತ್ತಿ ಹೋಗುವುದು, ಮಕ್ಕಳ ಮೇಲೆ ರೇಗುವುದು, ಮದುವೆ ಮನೆಗೂ ಹೋಗದಿರುವುದು.

ಇದು ಪುಕ್ಕಲುತನ ಅಲ್ಲವೇ ಅಲ್ಲ. ಅಪಾಯ ಮುಗಿದಿದೆ ಅಂತ ಮಿದುಳು ಇನ್ನೂ ನಂಬಿಲ್ಲ. ತಿಂಗಳು ದಾಟಿದರೂ ಹೀಗೇ ಇದ್ದರೆ ಅದು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ, ಇರಬಹುದು. ಚಿಕಿತ್ಸೆ ಇದೆ: ಆಪ್ತಸಮಾಲೋಚನೆ, ಬೇಕಾದರೆ ಮಾತ್ರೆ.

‘ಮರೆತುಬಿಡು ಮಾರಾಯ’ ಅನ್ನಬೇಡಿ, ದಯವಿಟ್ಟು. ಪಕ್ಕದಲ್ಲಿ ಕೂತು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಹಚ್ಚಿಕೊಡಿ: 14416. ಕನ್ನಡದಲ್ಲೇ ಮಾತಾಡಬಹುದು, ದಿನದ 24 ಗಂಟೆಯೂ, ಉಚಿತವಾಗಿ.