ಉದ್ದ ತಂತಿ ಎಳೆದಾಗ ಸ್ಪೀಕರಿನಲ್ಲಿ ಗುಂಯ್‌ಗುಡುವ ಸದ್ದು: ಕಾರಣ ಮತ್ತು ಪರಿಹಾರ

ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಬಹಳ ಹೊತ್ತಿನವರೆಗೆ ಚಪ್ಪರದಲ್ಲಿ ಕೆಲಸ ನಡೆಯುತ್ತದೆ. ಸುಲಿಯುವವರಿಗೆ ಬೇಸರ ಬಾರದಿರಲೆಂದು ಮನೆಯೊಳಗಿನ ಟಿ.ವಿ.ಯಿಂದ ಚಪ್ಪರದ ಆಂಪ್ಲಿಫೈಯರಿಗೆ ತಂತಿ ಎಳೆದು ಯಕ್ಷಗಾನವನ್ನೋ ಹಾಡನ್ನೋ ಹಾಕುವ ಸದಸ್ಯರು ಹಲವರಿದ್ದಾರೆ. ನೂರಡಿ ತಂತಿ ಎಳೆದ ದಿನವೇ ಭಾಗವತರ ಪದದ ಜೊತೆಗೆ ‘ಗುಂಯ್’ ಎಂಬ ಸದ್ದೂ ಶುರುವಾಗುತ್ತದೆ. ಆಂಪ್ಲಿಫೈಯರ್ ಕೆಟ್ಟಿತೆಂದು ಪೇಟೆಗೆ ಹೊತ್ತರೆ ಅಲ್ಲಿ ಅದು ಸರಿಯಾಗಿಯೇ ಹಾಡುತ್ತದೆ. ದೋಷ ಹೆಚ್ಚಾಗಿ ಇರುವುದು ತಂತಿಯ ದಾರಿಯಲ್ಲಿ.

ಸದ್ದಿನ ಗುರುತು

ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಅದು ಹಾಡಿನ ತಂತಿಗೆ ನುಸುಳಿದಾಗ ಗುಂಯ್ ಸದ್ದು ಕೇಳುತ್ತದೆ. ಸೆಕೆಂಡಿಗೊಮ್ಮೆ ‘ಟಕ್ ಟಕ್’ ಎಂದರೆ ಅದು ಹತ್ತಿರದ ಸೋಲಾರ್ ಬೇಲಿಯಿಂದ ಬಂದದ್ದಿರಬಹುದು. ‘ಚರ ಚರ’ ಎಂದರೆ ತೇವಕ್ಕೆ ಕಿಲುಬು ಹಿಡಿದ ಜೋಡಣೆಯನ್ನು ಹುಡುಕಬೇಕು.

ಪರೀಕ್ಷಿಸುವ ಕ್ರಮ

1. ವಾಲ್ಯೂಮ್ ತಗ್ಗಿಸಿ, ಆಂಪ್ಲಿಫೈಯರಿನಿಂದ ಉದ್ದ ತಂತಿಯನ್ನು ಬಿಡಿಸಿರಿ. ಆಗಲೂ ಅಷ್ಟೇ ಸದ್ದು ಇದ್ದರೆ ಆಂಪ್ಲಿಫೈಯರನ್ನು ರಿಪೇರಿಗೆ ಕೊಡಬೇಕು.

2. ಸದ್ದು ನಿಂತರೆ ತಂತಿಯನ್ನು ಮತ್ತೆ ಸಿಕ್ಕಿಸಿ, ಮನೆಯ ತುದಿಯಲ್ಲಿ ಟಿ.ವಿ.ಯ ಬದಲು ಚಾರ್ಜರಿಗೆ ಹಾಕದ ಮೊಬೈಲನ್ನು ಜೋಡಿಸಿರಿ. ಈಗ ಸದ್ದು ಇಲ್ಲದಿದ್ದರೆ ಕಾರಣ ಅರ್ಥಿಂಗಿನ ಸುತ್ತು. ಇನ್ನೂ ಇದ್ದರೆ ತಂತಿಯೇ ದಾರಿಯಲ್ಲಿ ವಿದ್ಯುತ್ತಿನ ಪ್ರಭಾವವನ್ನು ಹಿಡಿಯುತ್ತಿದೆ.

ಅರ್ಥಿಂಗಿನ ಸುತ್ತು ಎಂದರೆ ಹೀಗೆ: ಮನೆಗೆ ಒಂದು ಅರ್ಥ್, ಚಪ್ಪರಕ್ಕೋ ಪಂಪಿಗೋ ಇನ್ನೊಂದು. ಇವೆರಡರ ನಡುವೆ ಸ್ವಲ್ಪ ವೋಲ್ಟೇಜು ವ್ಯತ್ಯಾಸ ಇದ್ದೇ ಇರುತ್ತದೆ. ನಾವು ಎಳೆದ ತಂತಿ ಎರಡನ್ನೂ ಸೇರಿಸಿದ ಕೂಡಲೇ ಅದರ ಹೊರಜಾಲರಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಡಿಶ್ಶಿನ ತಂತಿಯೂ ಭೂಮಿಗೆ ತಗುಲಿದ್ದರೆ ಇಂಥದೇ ಸುತ್ತು ಆಗುತ್ತದೆ.

ಪರಿಹಾರ

ಎಲ್ಲಕ್ಕಿಂತ ಸುಲಭದ ದಾರಿ ಆಂಪ್ಲಿಫೈಯರನ್ನು ಟಿ.ವಿ.ಯ ಬಳಿಯೇ ಇಟ್ಟು, ಒಂದೇ ಬೋರ್ಡಿನಿಂದ ಎರಡಕ್ಕೂ ಕರೆಂಟು ಕೊಟ್ಟು, ಸ್ಪೀಕರಿನ ತಂತಿಯನ್ನು ಮಾತ್ರ ಚಪ್ಪರಕ್ಕೆ ಎಳೆಯುವುದು. ಟಿ.ವಿ.ಯಿಂದ ಹೊರಡುವ ಸಂಕೇತ ಒಂದು ವೋಲ್ಟಿನ ಆಸುಪಾಸಿನದು, ಮೈಕಿನದಂತೂ ಕೆಲವೇ ಮಿಲಿವೋಲ್ಟು. ಅದರೊಳಗೆ ಸೇರಿದ ಅಲ್ಪ ಸದ್ದನ್ನೂ ಆಂಪ್ಲಿಫೈಯರ್ ಹಿಗ್ಗಿಸುತ್ತದೆ. ಸ್ಪೀಕರಿನ ತಂತಿಯಲ್ಲಿ ಸೇರಿದ್ದನ್ನು ಹಿಗ್ಗಿಸುವವರು ಯಾರೂ ಇಲ್ಲ. ನೂರಡಿ ದೂರಕ್ಕೆ 1.5 ಚದರ ಮಿ.ಮೀ. ತಾಮ್ರದ ಜೋಡಿ ತಂತಿಯ ತಡೆ ಸುಮಾರು 0.7 ಓಮ್, 8 ಓಮಿನ ಸ್ಪೀಕರಿಗೆ ಇದು ಸಾಕು.

ಆಂಪ್ಲಿಫೈಯರ್ ಚಪ್ಪರದಲ್ಲೇ ಇರಬೇಕಾದರೆ ಜಾಲರಿ ಹೊದಿಕೆಯ ತಂತಿಯನ್ನು ಬಳಸಿ, ಕರೆಂಟಿನ ತಂತಿಯಿಂದ ಒಂದಡಿಯಾದರೂ ದೂರ ಎಳೆಯತಕ್ಕದ್ದು. ಎರಡನ್ನೂ ಒಂದೇ ಪೈಪಿನಲ್ಲಿ ಹಾಕಬಾರದು. ದಾಟಲೇಬೇಕಾದಲ್ಲಿ ಅಡ್ಡಲಾಗಿ ದಾಟಿಸಬೇಕು. ಅರ್ಥಿಂಗಿನ ಸುತ್ತಿಗೆ ನಡುವೆ ಆಡಿಯೋ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಪರಿಹಾರ ದೊರೆಯುತ್ತದೆ.

ಮಾಡಬಾರದ ಕೆಲಸ

ಪ್ಲಗ್ಗಿನ ಅರ್ಥ್ ಪಿನ್ ಕಿತ್ತರೂ ಸದ್ದು ನಿಲ್ಲುವುದುಂಟು. ನಾನೂ ಹಿಂದೊಮ್ಮೆ ಹಾಗೆ ಮಾಡಿ ಬೀಗಿದವನು. ಮಳೆ ಬಂದ ಒಂದು ಸಂಜೆ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಪೆಟ್ಟಿಗೆ ಮುಟ್ಟಿದಾಗ ಮೊಣಕೈವರೆಗೆ ಜುಮ್ಮೆಂದು ಹೊಡೆಯಿತು. ಒಳಗಿನ ತಂತಿ ಲೋಹದ ಪೆಟ್ಟಿಗೆಗೆ ತಗುಲಿದರೆ, ಅರ್ಥ್ ಚೆನ್ನಾಗಿರುವಲ್ಲಿ ಫ್ಯೂಸು ಹೋಗುತ್ತದೆ. ಅರ್ಥ್ ಇಲ್ಲದಲ್ಲಿ 230 ವೋಲ್ಟು ಮುಟ್ಟಿದವರ ಮೈಯಿಂದಲೇ ಭೂಮಿಗಿಳಿಯುತ್ತದೆ. ಸುಲಿಯಲು ಬಂದವರು, ಮಕ್ಕಳು ಎಲ್ಲರೂ ಓಡಾಡುವ ಜಾಗವದು. ಆದ್ದರಿಂದ ಅರ್ಥ್ ಪಿನ್ ಕಿತ್ತಿರುವ ಸದಸ್ಯರು ಇಂದೇ ಹೊಸ ಪ್ಲಗ್ ಹಾಕಿಸಿಕೊಳ್ಳಬೇಕು. ಗುಡುಗು ಸಿಡಿಲಿನ ಲಕ್ಷಣ ಕಂಡೊಡನೆ ಹೊರಗೆ ಎಳೆದ ತಂತಿಯನ್ನು ಎರಡೂ ಕಡೆ ಕಳಚಿಡುವುದನ್ನೂ ಮರೆಯಬಾರದು.