ಬಾರ್ಸಿಲೋನಾದಲ್ಲಿ ಎರಡು ದಿನ

ಪರೀಕ್ಷೆ ಮುಗಿದಾಗ ಉಳಿದದ್ದು ಎರಡೇ ದಿನ ರಜೆ. ಜರ್ಮನಿಯಲ್ಲಿ ಓದುತ್ತಿರುವ ನಾವು ಮೂವರು ಕನ್ನಡಿಗರು ಅಗ್ಗದ ವಿಮಾನ ಹಿಡಿದು ಸ್ಪೇನಿನ ಬಾರ್ಸಿಲೋನಾಕ್ಕೆ ಹಾರಿದೆವು.

ಮೊದಲು ಸಗ್ರಾದಾ ಫಮಿಲಿಯಾ ಚರ್ಚ್. 1882ರಲ್ಲಿ ಶುರುವಾದ ಕಟ್ಟಡದ ಕೆಲಸ ಇನ್ನೂ ಮುಗಿದಿಲ್ಲ! ಅದಕ್ಕಾಗಿಯೇ ಬಾಳು ಸವೆಸಿದ ವಾಸ್ತುಶಿಲ್ಪಿ ಗೌಡಿ 1926ರಲ್ಲಿ ಟ್ರ್ಯಾಮ್ ಬಡಿದು ಬಿದ್ದಾಗ, ಬಟ್ಟೆ ನೋಡಿ ಭಿಕ್ಷುಕನೆಂದುಕೊಂಡರಂತೆ. ಒಳಗೆ ಮರಗಳಂತೆ ಕವಲೊಡೆದ ಕಂಬಗಳು, ಬಣ್ಣದ ಗಾಜಿನಿಂದ ಇಳಿಯುವ ಬೆಳಕು. ಟಿಕೆಟ್ ದುಬಾರಿ. ಒಂದು ಹೊತ್ತಿನ ಊಟ ಬಿಟ್ಟಾದರೂ ನೋಡಿ.

ಸಂಜೆ ಮೆಡಿಟರೇನಿಯನ್ ಕಡಲತೀರಕ್ಕೆ ಹೋಗುವ ಓಣಿಯ ಗೋಡೆಯಲ್ಲಿ 'ಪ್ರವಾಸಿಗರೇ, ಮನೆಗೆ ಹೋಗಿ' ಎಂಬ ಬರಹ ಕಂಡಿತು. 2024ರ ಜುಲೈನಲ್ಲಿ ಇಲ್ಲಿನ ಪ್ರತಿಭಟನಕಾರರು ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಚಿಮ್ಮಿಸಿದ್ದು ನೆನಪಾಯಿತು. ಮನೆ ಮಾಲೀಕರಿಗೆ ಪ್ರವಾಸಿಗರಿಂದಲೇ ಲಾಭ ಹೆಚ್ಚು. ಊರಿನ ಹುಡುಗರಿಗೆ ಬಾಡಿಗೆ ಕೈಗೆಟುಕುವುದಿಲ್ಲ. ಪಿ.ಜಿ. ಹುಡುಕಿ ಅಲೆದವರಿಗೆ ಈ ಸಂಕಟ ಹೊಸದೇನಲ್ಲ. ಅಂಥ ಸುಮಾರು 10,000 ಪ್ರವಾಸಿ ಮನೆಗಳ ಪರವಾನಗಿಯನ್ನು 2028ರ ನವೆಂಬರ್ ವೇಳೆಗೆ ಕೊನೆಗೊಳಿಸುವುದಾಗಿ ನಗರಾಡಳಿತ ಘೋಷಿಸಿದೆ.

ರಾತ್ರಿ ಹಾಸ್ಟೆಲ್ ಕೌಂಟರ್‌ನಲ್ಲಿದ್ದ ನಮ್ಮದೇ ವಯಸ್ಸಿನ ಹುಡುಗಿಯನ್ನು ಈ ಬಗ್ಗೆ ಕೇಳಿದೆ. "ಹುಟ್ಟಿದ್ದು ಪಕ್ಕದ ಬೀದಿಯಲ್ಲೇ. ಈಗ ಬಾಡಿಗೆ ಕಟ್ಟಲಾಗದೆ ದಿನಾ ಒಂದು ಗಂಟೆ ರೈಲಿನಲ್ಲಿ ಬರ್ತೀನಿ. ನೀವು ಬರದಿದ್ದರೆ ಈ ಕೆಲಸವೂ ಇರಲ್ಲ" ಎಂದಳು. ಆಮೇಲೆ ಮ್ಯಾಪ್ ಬಿಡಿಸಿ, ಮರುದಿನ ನಾವು ನೋಡಬೇಕಾದ ಜಾಗಗಳಿಗೆಲ್ಲ ಪೆನ್ನಿನಿಂದ ಗುರುತು ಹಾಕಿಕೊಟ್ಟಳು.