ನವಜಾತ ಶಿಶುವಿಗೂ ಬೇಕು ಥೈರಾಯ್ಡ್ ಪರೀಕ್ಷೆ

ನಾಳಗಳಿಲ್ಲದೆ ತಮ್ಮ ಸ್ರಾವವನ್ನು ನೇರವಾಗಿ ರಕ್ತಕ್ಕೆ ಸೇರಿಸುವ ಗ್ರಂಥಿಗಳಿಗೆ ನಿರ್ನಾಳ ಗ್ರಂಥಿಗಳೆಂದು ಹೆಸರು. ಈ ಸ್ರಾವಗಳೇ ಹಾರ್ಮೋನುಗಳು. ಬೆಳವಣಿಗೆ, ಸಂತಾನೋತ್ಪತ್ತಿ, ರಕ್ತದಲ್ಲಿನ ಸಕ್ಕರೆಯ ಪ್ರಮಾಣ ಮೊದಲಾದವನ್ನು ಇವು ನಿಯಂತ್ರಿಸುತ್ತವೆ.

ಕತ್ತಿನ ಮುಂಭಾಗದಲ್ಲಿ ಚಿಟ್ಟೆಯಾಕಾರದಲ್ಲಿರುವ ಥೈರಾಯ್ಡ್ ಇಂಥದೊಂದು ಗ್ರಂಥಿ. ಆಹಾರದಲ್ಲಿನ ಅಯೋಡಿನ್ ಬಳಸಿ ಇದು ತಯಾರಿಸುವ ಥೈರಾಕ್ಸಿನ್, ಎಳೆಯ ಮಗುವಿನ ಮಿದುಳಿನ ಬೆಳವಣಿಗೆಗೆ ಅನಿವಾರ್ಯ. ಕೆಲವು ಶಿಶುಗಳಲ್ಲಿ ಹುಟ್ಟಿನಿಂದಲೇ ಈ ಗ್ರಂಥಿ ಇರುವುದಿಲ್ಲ ಅಥವಾ ಸರಿಯಾಗಿ ಕೆಲಸ ಮಾಡುವುದಿಲ್ಲ. ಗರ್ಭದಲ್ಲಿದ್ದಾಗ ತಾಯಿಯಿಂದ ದೊರೆತ ಹಾರ್ಮೋನಿನಿಂದಾಗಿ ಅಂಥ ಮಗುವೂ ಸಾಮಾನ್ಯವಾಗಿ ಆರೋಗ್ಯವಂತವಾಗಿಯೇ ಕಾಣುತ್ತದೆ. ಅತಿನಿದ್ದೆ, ಮಲಬದ್ಧತೆ, ಗೊಗ್ಗರು ದನಿಯ ಅಳು ಮುಂತಾದ ಲಕ್ಷಣಗಳು ಸ್ಪಷ್ಟವಾಗುವ ವೇಳೆಗೆ ಮಿದುಳಿಗೆ ಹಾನಿಯಾಗಿರಬಹುದು.

ಪತ್ತೆಯ ವಿಧಾನ ಸರಳ. ಥೈರಾಕ್ಸಿನ್ ಕಡಿಮೆಯಾದಾಗ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿಎಸ್‌ಎಚ್ ಎಂಬ ಪ್ರಚೋದಕ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಹುಟ್ಟಿದ 2ರಿಂದ 5 ದಿನಗಳಲ್ಲಿ ಹಿಮ್ಮಡಿಯಿಂದ ತೆಗೆದ ಕೆಲವೇ ಹನಿ ರಕ್ತದಲ್ಲಿ ಈ ಏರಿಕೆಯನ್ನು ಗುರುತಿಸಬಹುದು. ಮೊದಲ 2 ವಾರಗಳೊಳಗೆ ಲೀವೊಥೈರಾಕ್ಸಿನ್ ಔಷಧ ಆರಂಭಿಸಿ ತಪ್ಪದೆ ಮುಂದುವರಿಸಿದರೆ ಬಹುತೇಕ ಮಕ್ಕಳು ಇತರರಂತೆಯೇ ಬೆಳೆದು ಕಲಿಯಬಲ್ಲರು.

ಭಾರತದ ಎಲ್ಲ ಆಸ್ಪತ್ರೆಗಳಲ್ಲಿ ಈ ತಪಾಸಣೆ ತಾನಾಗಿಯೇ ನಡೆಯುವುದಿಲ್ಲ. ಆದ್ದರಿಂದ ಹೆರಿಗೆಯ ನಂತರ ಮನೆಗೆ ತೆರಳುವ ಮುನ್ನ ಪಾಲಕರೇ ವೈದ್ಯರನ್ನು ವಿಚಾರಿಸುವುದು ಒಳಿತು.